ಅಥೆಂಟಿಕೇಟರ್ ಆ್ಯಪ್: ಫೋನ್ ಹೋದರೆ ಕೋಡ್ ವಾಪಸ್ ಸಿಗುತ್ತಾ?

ನಮ್ಮ ಆಫೀಸಿನಲ್ಲಿ ಲಾಗಿನ್ ತೊಂದರೆ ಅಂದರೆ ಎಲ್ಲರೂ ಬರುವುದು ನನ್ನ ಹತ್ತಿರ. ಪಾಸ್‌ವರ್ಡ್ ಮರೆತಿದ್ದರೆ ಬೇಗ ಸರಿಹೋಗುತ್ತದೆ. ಫೋನ್ ಕಳೆದು, ಜೊತೆಗೆ ಅದರ ಅಥೆಂಟಿಕೇಟರ್ ಆ್ಯಪ್ ತೋರಿಸುತ್ತಿದ್ದ, ಪಾಸ್‌ವರ್ಡ್ ಆದ ಮೇಲೆ ಸೈಟ್ ಕೇಳುವ ಆರು ಅಂಕಿಯ ಕೋಡ್‌ಗಳೂ ಹೋದವರನ್ನು ನೋಡಿದರೆ ಮಾತ್ರ ಸಂಕಟ ಆಗುತ್ತದೆ. ಹಾಗಾಗಿ ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಯಾರು ಕೇಳಿದರೂ ನಾನು ಮೊದಲು ನೋಡುವುದು ಒಂದೇ: ಆ ಫೋನ್ ಇಲ್ಲದಿದ್ದರೂ ಕೋಡ್ ಸಿಗುತ್ತಾ?

ಖಾತೆಯನ್ನು ಆ್ಯಪ್‌ಗೆ ಸೇರಿಸುವಾಗ ಸೈಟ್ ತೋರಿಸುವ ಕ್ಯೂಆರ್ ಕೋಡ್‌ನೊಳಗೆ ಒಂದು ಗುಟ್ಟಿನ ಕೀ ಇರುತ್ತದೆ. ಸ್ಕ್ಯಾನ್ ಮಾಡಿದರೆ ಅದು ಆ್ಯಪ್‌ಗೆ ಬರುತ್ತದೆ, ಸರ್ವರ್‌ನಲ್ಲೂ ಅದೇ ಕೀ ಇರುತ್ತದೆ. ಆ ಕೀಗೆ ಆಗಿನ ಸಮಯ ಸೇರಿಸಿ ಲೆಕ್ಕ ಹಾಕಿದರೆ ಆರು ಅಂಕಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಇದಕ್ಕೆ ಇಂಟರ್ನೆಟ್ಟೂ ಬೇಡ, ಸಿಮ್ಮೂ ಬೇಡ. ಎಸ್‌ಎಂಎಸ್‌ಗಿಂತ ಇದು ಮೇಲು ಅನ್ನುವುದು ಅದಕ್ಕೇ. ಟಿಒಟಿಪಿ ಅನ್ನುವ ಈ ವಿಧಾನ 2011ರಲ್ಲೇ ಎಲ್ಲರಿಗೂ ಮುಕ್ತವಾಗಿ ಪ್ರಕಟವಾಗಿದೆ. ಸೈಟ್ ‘ಗೂಗಲ್ ಅಥೆಂಟಿಕೇಟರ್ ಹಾಕಿ’ ಅಂದರೂ ಸಾಮಾನ್ಯವಾಗಿ ಬೇರೆ ಆ್ಯಪ್ ನಡೆಯುತ್ತದೆ.

ಅಂದರೆ ಕೋಡ್ ಎಲ್ಲ ಆ್ಯಪ್‌ನಲ್ಲೂ ಒಂದೇ. ಆ ಕೀಯನ್ನು ಹೇಗೆ ಕಾಪಾಡುತ್ತದೆ, ಬೇಕಾದಾಗ ನಿಮ್ಮ ಕೈಗೆ ಕೊಡುತ್ತದಾ ಅನ್ನುವುದರಲ್ಲೇ ವ್ಯತ್ಯಾಸ.

ಗೂಗಲ್ ಅಥೆಂಟಿಕೇಟರ್‌ಗೆ ಕ್ಲೌಡ್ ಸಿಂಕ್, ಅಂದರೆ ಕೀಗಳನ್ನು ನಿಮ್ಮ ಗೂಗಲ್ ಖಾತೆಯಲ್ಲೂ ಉಳಿಸುವ ಸೌಲಭ್ಯ, ಬಂದಿದ್ದು 2023ರ ಏಪ್ರಿಲ್‌ನಲ್ಲಿ. ಅನುಕೂಲವೇ. ಆದರೆ ನಿಮ್ಮ ಗೂಗಲ್ ಖಾತೆಗೆ ಯಾರಾದರೂ ನುಗ್ಗಿದರೆ ಉಳಿದ ಕೋಡ್‌ಗಳೂ ಅವರಿಗೆ ಸಿಗಬಹುದು ಅನ್ನುವುದು ನೆನಪಿರಲಿ. ಆಥಿ (Authy) ಅನ್ನುವ ಆ್ಯಪ್‌ನಲ್ಲಿ ಬ್ಯಾಕಪ್ ಇದೆ, ಆದರೆ ಕೀಗಳನ್ನು ಹೊರಗೆ ತೆಗೆದು ಬೇರೆ ಆ್ಯಪ್‌ಗೆ ಒಯ್ಯಲು ಎಕ್ಸ್‌ಪೋರ್ಟ್ ಇಲ್ಲ. ಹೊರಗೆ ಹೋಗಲು ಬಾಗಿಲೇ ಇಲ್ಲದ ಆ್ಯಪ್ ನನಗೆ ಬೇಡ. ಆಂಡ್ರಾಯ್ಡ್ ಮಾತ್ರ ಬಳಸುವವರಿಗೆ ನಾನು ಹೇಳುವುದು ಏಜಿಸ್ (Aegis) ಆ್ಯಪ್. ಓಪನ್ ಸೋರ್ಸ್ (ಒಳಗಿನ ಪ್ರೋಗ್ರಾಂ ಯಾರು ಬೇಕಾದರೂ ನೋಡಬಹುದು), ಪಾಸ್‌ವರ್ಡ್ ಹಾಕಿದ ಬ್ಯಾಕಪ್ ಫೈಲ್ ನಿಮ್ಮ ಕೈಗೇ ಕೊಡುತ್ತದೆ. ಐಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಬೇಕು ಅಂದರೆ ಎಂಟೆ ಆಥ್ (Ente Auth). ಇದರ ಬ್ಯಾಕಪ್ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಅದನ್ನು ಆ ಕಂಪನಿಯೂ ಓದಲಾಗದು.

ಆ್ಯಪ್ ಸ್ಟೋರ್‌ನಲ್ಲಿ ಸುಮ್ನೆ ‘ಅಥೆಂಟಿಕೇಟರ್’ ಅಂತ ಹುಡುಕಿ ಮೊದಲು ಕಂಡದ್ದನ್ನು ಹಾಕಬೇಡಿ. ಹೆಸರು, ಐಕಾನ್ ಎರಡನ್ನೂ ನಕಲು ಮಾಡಿ ಪ್ರತಿ ವಾರ ದುಡ್ಡು ಕೇಳುವವು ಇರುತ್ತವೆ. ಮೇಲೆ ಹೇಳಿದವೆಲ್ಲ ಉಚಿತ. ಅವುಗಳ ಅಧಿಕೃತ ಸೈಟ್‌ನಲ್ಲಿರುವ ಲಿಂಕ್‌ನಿಂದಲೇ ಹಾಕಿಕೊಳ್ಳಿ.

ಈಗ ಬ್ಯಾಕಪ್ ಪರೀಕ್ಷೆ. ಇದನ್ನು ಮಾತ್ರ ತಪ್ಪಿಸಬೇಡಿ. ಮನೆಯಲ್ಲಿ ಹಳೇ ಫೋನ್ ಇದ್ದರೆ ಅದರಲ್ಲಿ ಅದೇ ಆ್ಯಪ್ ಹಾಕಿ, ಬ್ಯಾಕಪ್‌ನಿಂದ ತುಂಬಿಸಿ. ಎರಡೂ ಫೋನ್ ಅಕ್ಕಪಕ್ಕ ಇಟ್ಟು ಒಂದೇ ಖಾತೆಯ ಸಾಲು ನೋಡಿ. ಆರೂ ಅಂಕಿ ಹೊಂದಬೇಕು, ಪಕ್ಕದ ಚಿಕ್ಕ ವೃತ್ತ ಖಾಲಿಯಾದಾಗ ಎರಡೂ ಒಟ್ಟಿಗೆ ಬದಲಾಗಬೇಕು. ಹೊಂದದಿದ್ದರೆ ಹಳೇ ಫೋನಿನ ಗಡಿಯಾರ ಹಿಂದೆಮುಂದೆ ಆಗಿರಬಹುದು, ಸಮಯವನ್ನು ಆಟೊಮ್ಯಾಟಿಕ್‌ಗೆ ಹಾಕಿ. ಆಮೇಲೆ ಆ ಹಳೇ ಫೋನಿನ ಕೋಡ್‌ನಿಂದಲೇ ಒಂದು ಖಾತೆಗೆ ಲಾಗಿನ್ ಆಗಿ.

ಜಾಸ್ತಿ ಜನ ಸಿಕ್ಕಿಕೊಳ್ಳುವುದು ಇನ್ನೊಂದು ಕಡೆ. ಆ್ಯಪ್‌ನ ಬ್ಯಾಕಪ್ ತೆರೆಯಲು ಇಮೇಲ್ ಬೇಕು, ಇಮೇಲ್ ತೆರೆಯಲು ಆ್ಯಪ್‌ನ ಕೋಡ್ ಬೇಕು. ಫೋನ್ ಕೈಯಲ್ಲಿರುವಷ್ಟು ದಿನ ಇದು ಗೊತ್ತೇ ಆಗುವುದಿಲ್ಲ ಅಲ್ವಾ? ಅದಕ್ಕೇ ಇಮೇಲ್‌ನ ರಿಕವರಿ ಕೋಡ್‌ಗಳು (ಆ್ಯಪ್ ಇಲ್ಲದಾಗ ಒಳಹೋಗಲು ಮೊದಲೇ ಪಡೆದಿಡುವ ಕೋಡ್‌ಗಳು) ಮತ್ತು ಬ್ಯಾಕಪ್‌ನ ಪಾಸ್‌ವರ್ಡ್, ಇವೆರಡನ್ನೂ ಕಾಗದದ ಮೇಲೆ ಬರೆದು ಭದ್ರವಾಗಿಡಿ. ಸ್ಕ್ರೀನ್‌ಶಾಟ್ ಸಾಲದು, ಅದೂ ಅದೇ ಫೋನಿನಲ್ಲೇ ಇರುತ್ತದೆ.

ನಕಲಿ ಸೈಟ್‌ನಲ್ಲಿ ನೀವೇ ಆರು ಅಂಕಿ ಟೈಪ್ ಮಾಡಿಬಿಟ್ಟರೆ ಯಾವ ಆ್ಯಪ್ ಕೂಡ ತಡೆಯುವುದಿಲ್ಲ. ಪಾಸ್‌ಕೀ (ಕೋಡ್ ಟೈಪ್ ಮಾಡದೆ ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ, ಅಸಲಿ ಸೈಟ್‌ನಲ್ಲಷ್ಟೇ ಆಗುವ ಲಾಗಿನ್) ಕೊಡುವ ಸೈಟ್‌ನಲ್ಲಿ ಅದನ್ನೇ ಹಾಕಿಕೊಳ್ಳಿ.

ಹಳೇ ಆ್ಯಪ್‌ನಿಂದ ಹೊಸದಕ್ಕೆ ಹೋಗುವವರು ಅವಸರ ಮಾಡಬೇಡಿ. ಆ್ಯಪ್‌ನಲ್ಲಿ ಖಾತೆ ಅಳಿಸಿದ ಮಾತ್ರಕ್ಕೆ ಸೈಟ್ ಕೋಡ್ ಕೇಳುವುದನ್ನು ನಿಲ್ಲಿಸುವುದಿಲ್ಲ. ಒಂದೊಂದೇ ಖಾತೆಯನ್ನು ಹೊಸ ಆ್ಯಪ್‌ಗೆ ಸೇರಿಸಿ, ಅದರ ಕೋಡ್‌ನಿಂದ ಲಾಗಿನ್ ಆಗಿ ನೋಡಿ, ಆಮೇಲಷ್ಟೇ ಹಳೆಯದನ್ನು ತೆಗೆಯಿರಿ.