ಆ-ಆ-ಆಲೆಮನೆ

ಉಗ್ಗುವ ಮಗುವನ್ನು ಕರ್ಕೊಂಡು ಬಂದವರು ಮೊದಲು ಕೇಳುವುದೇ 'ಇವನಿಗೆ ಯಾವ ಅಕ್ಷರ ಬರಲ್ಲ ಮೇಡಂ?' ಅಂತ. ಶುರುವಿನಲ್ಲಿ ನಾನೂ ಅಕ್ಷರವನ್ನೇ ಹುಡುಕುತ್ತಿದ್ದೆ.

ಮಂಡ್ಯದಲ್ಲಿ ಸ್ಪೀಚ್ ಥೆರಪಿ ಕ್ಲಿನಿಕ್ ತೆರೆದ ಹೊಸತು. ನಾಲ್ಕು ವರ್ಷದ ಹುಡುಗ ಬಂದ. ಅಜ್ಜಿ ಆಗಲೇ ಬಜೆ ತೇಯ್ದು ನಾಲಿಗೆಗೆ ಹಚ್ಚಿ ಆಗಿತ್ತು. 20 ನಿಮಿಷ ಆಟ ಆಡಿಸಿ ಅವನ ಮಾತು ರೆಕಾರ್ಡ್ ಮಾಡಿಕೊಂಡೆ, ರಾತ್ರಿ ಕೂತು ಒಂದೊಂದನ್ನೂ ಹಾಗೆ ಹಾಗೇ ಬರೆದೆ. ಬೇಜಾರಿನ ಕೆಲಸ, ಆದರೆ ಬರೀ ಕಿವಿಯಲ್ಲಿ ಕೇಳಿದರೆ ಅರ್ಧ ತಪ್ಪಿಹೋಗುತ್ತದೆ.

ಮೈಸೂರಿನಲ್ಲಿ ಓದುವಾಗ ಇಂಗ್ಲಿಷ್ ಮಾತಾಡುವ ಮಕ್ಕಳು ಎಲ್ಲೆಲ್ಲಿ ಉಗ್ಗುತ್ತಾರೆ ಅನ್ನುವ ಲೆಕ್ಕ ಕಲಿತಿದ್ದೆ. ಅಲ್ಲಿ ಪುಟ್ಟ ಮಕ್ಕಳು ಜಾಸ್ತಿ ತಡವರಿಸುವುದು ವಾಕ್ಯದ ಮೊದಲಿಗೆ ಬರುವ 'ಐ', 'ಆಂಡ್' ಥರದ ಚಿಕ್ಕ ಪದಗಳಲ್ಲಿ. ಆ ಪದಗಳ ಪಟ್ಟಿಯನ್ನೇ ಹಿಡಿದು ಕೂತೆ, ಒಂದು ಗಂಟೆ ದಂಡ. ನಮ್ಮಲ್ಲಿ ಆ ಚಿಕ್ಕ ಪದಗಳು ಎಲ್ಲಿವೆ? 'ಗೆ', 'ಇಂದ', 'ಅಲ್ಲಿ', 'ಊ' ಎಲ್ಲಾ ಪದದ ಬಾಲಕ್ಕೆ ಅಂಟಿಕೊಂಡಿವೆ. 'ನಾನು' ಅಂತಲೂ ಹೇಳಬೇಕಿಲ್ಲ, 'ಬಂದೆ' ಅಂದರೆ ಸಾಕು. ಮಜಾ ಅಂದರೆ ಬಾಲದಲ್ಲಿ ಹುಡುಗ ಒಂದು ಸಲವೂ ಸಿಕ್ಕಿಕೊಂಡಿರಲಿಲ್ಲ.

ಪಟ್ಟಿ ಪಕ್ಕಕ್ಕಿಟ್ಟು ಮಾತುಗಳನ್ನು ಉದ್ದದ ಪ್ರಕಾರ ಬೇರೆ ಮಾಡಿದೆ. 'ಎಲ್ಲಿಗೆ ಹೋಗಿದ್ದೆ?' ಅಂದಿದ್ದಕ್ಕೆ 'ಆಲೆಮನೆಗೆ' ಅಂದಿದ್ದ, ನೀರು ಕುಡಿದ ಹಾಗೆ. ಐದು ನಿಮಿಷ ಬಿಟ್ಟು ತಾನಾಗಿ ಹೇಳಿದ್ದು: 'ಆ-ಆ-ಆಲೆಮನೆಗೋಗಿ ಬೆಲ್ಲ ತಿಂದು ಕೈ ತೊಳ್ಕೊಂಡು ಬಂದೊ.' ಅದೇ ಪದ, ಅದೇ 'ಆ'. ಕನ್ನಡದಲ್ಲಿ ಹೋಗಿ, ತಿಂದು, ತೊಳ್ಕೊಂಡು ಅಂತ ಎಷ್ಟು ಬೇಕಾದರೂ ಪೋಣಿಸಬಹುದು, ಆದರೆ ಬಂದವರು ಯಾರು ಅನ್ನುವುದು ಕಟ್ಟಕಡೆಯ 'ಬಂದೊ'ದಲ್ಲಿ ಗೊತ್ತಾಗಬೇಕು, ಅಲ್ಲೀವರೆಗೆ ಮಗು ಅಷ್ಟನ್ನೂ ತಲೆಯಲ್ಲಿ ಹೊತ್ತಿರಬೇಕು. ಭಾರ ಕೊನೆಯಲ್ಲಿ, ಎಡವುವುದು ಹೊಸ್ತಿಲಲ್ಲಿ. ಉಳಿದ ಉದ್ದದ ಮಾತುಗಳಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು.

ಮನೆಯವರಿಗೆ ಎರಡೇ ಮಾತು ಹೇಳಿದೆ. 'ನಿಧಾನಕ್ಕೆ ಹೇಳು' ಅನ್ನಬೇಡಿ. ನೆಂಟರು ಬಂದಾಗ 'ಏನೇನು ಮಾಡಿದೆ, ಎಲ್ಲಾ ಹೇಳು ಮಾವಂಗೆ' ಅಂತ ನಿಲ್ಲಿಸಬೇಡಿ. ಅಪ್ಪ ತಲೆ ಆಡಿಸಿದರು, ಅಲ್ಲೇ ಹಿಂದೆಯೇ 'ನಿಧಾನಕ್ಕೆ ಹೇಳೋ' ಅಂದರು!

ಕೈ ಹಿಡಿದಿದ್ದು ಅಜ್ಜಿ. ಅವರು ಕಥೆ ಹೇಳುವಾಗ ಪ್ರತಿ ತುಂಡಿಗೂ ಮೊಮ್ಮಗ 'ಹ್ಞೂಂ' ಅನ್ನಬೇಕು. ಅದನ್ನೇ ತಿರುಗಿಸಿದೆ. ಕಥೆ ಅವನದು, ಹ್ಞೂಂಗುಟ್ಟುವುದು ಅಜ್ಜಿ. 'ಆಲೆಮನೆಗೆ ಹೋದೊ.' ಹ್ಞೂಂ. 'ಬೆಲ್ಲ ತಿಂದೊ.' ಹ್ಞೂಂ. ಸರಪಳಿ ಬಿಚ್ಚಿ ತುಂಡು ತುಂಡಾಯಿತು, ಯಾರೂ ಅವನನ್ನು ತಿದ್ದಲೂ ಇಲ್ಲ.

ಕೆಲವು ತಿಂಗಳಲ್ಲಿ ಉಗ್ಗು ತುಂಬಾ ಕಡಿಮೆಯಾಯಿತು. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಅದು ತಾನಾಗಿಯೇ ಹೋಗುತ್ತದೆ, ಹಾಗಾಗಿ ಅಜ್ಜಿ 'ಎಲ್ಲಾ ಬಜೆ ಮಹಿಮೆ ಕಣಮ್ಮ' ಅಂದಾಗ ನಾನೂ ಜಾಸ್ತಿ ವಾದಕ್ಕೆ ಹೋಗದೆ ಸುಮ್ನೆ ಹ್ಞೂಂ ಅಂದೆ.