ಊಟಕ್ಕೆ ಹಟ ಮಾಡುವ ಮನೆಯವರಿಗೆ ಸೊಪ್ಪು, ಕಾಳು, ರಾಗಿ ಉಣಿಸುವ ಬಗೆ

ಬಡಿಸಿದ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ, ಅನ್ನ ಸಾರನ್ನಷ್ಟೇ ಉಂಡು ಏಳುವವರು ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಒಬ್ಬರಾದರೂ ಇರುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ಇಬ್ಬರಿದ್ದರು. ಮದ್ದೂರು ಕಡೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದು ಈಗ ನಮ್ಮೊಡನೆ ಇರುವ ಮಾವನವರಿಗೆ ಸಕ್ಕರೆ ಕಾಯಿಲೆ. ಆದರೂ ಮುದ್ದೆಯ ಮೇಲೆ ಎರಡು ಸಲ ಅನ್ನ ಬೇಕು, ತರಕಾರಿ ಬೇಡ. ಏಳು ವರ್ಷದ ಮಗನಿಗೆ ಮುದ್ದೆಯೂ ಬೇಡ, ಸೊಪ್ಪೂ ಬೇಡ.

ಸಿರಿಧಾನ್ಯ ವರ್ಷವೆಂದು ಆಚರಿಸಲಾದ 2023ರಲ್ಲಿ ನಾನೂ ಉತ್ಸಾಹದಿಂದ ನವಣೆ ತಂದು, ಒಂದು ರಾತ್ರಿ ಅಕ್ಕಿಯನ್ನು ಪೂರ್ತಿ ಬಿಟ್ಟು ನವಣೆ ಅನ್ನವನ್ನೇ ಬಡಿಸಿದೆ. ಮಾವನವರು ಒಂದು ತುತ್ತು ಬಾಯಿಗಿಟ್ಟು, "ಅನ್ನ ಇದ್ರೆ ಹಾಕವ್ವ, ಇಲ್ದಿದ್ರೆ ಒಂದ್ ಲೋಟ ಮಜ್ಜಿಗೆ ಕೊಡು, ಮಲಗ್ತೀನಿ" ಎಂದರು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಅರೆಹೊಟ್ಟೆಯಲ್ಲಿ ಮಲಗುವುದು ಅಪಾಯವಾದ್ದರಿಂದ, ಆ ಹೊತ್ತಿನಲ್ಲಿ ಮತ್ತೆ ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಹೊಸ ಅಡುಗೆಯನ್ನು ಹೇರುವುದಕ್ಕಿಂತ, ಮನೆಯವರು ಈಗಾಗಲೇ ಒಪ್ಪಿಕೊಂಡಿರುವ ಅಡುಗೆಯನ್ನೇ ಸ್ವಲ್ಪಸ್ವಲ್ಪವಾಗಿ ತಿದ್ದುವುದು ಸರಿಯಾದ ದಾರಿಯೆಂದು ಅಂದು ನನಗೆ ಮನವರಿಕೆಯಾಯಿತು.

ಆದ್ದರಿಂದ ಮೊದಲ ಒಂದು ವಾರ ಏನನ್ನೂ ಬದಲಿಸಬೇಡಿ. ಯಾರು ಯಾವುದನ್ನು ಎರಡನೆಯ ಸಲ ಹಾಕಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದನ್ನು ಮಾತ್ರ ಬರೆದಿಡಿ. ನಮ್ಮ ಮನೆಯ ಪಟ್ಟಿಯಲ್ಲಿ ಇಬ್ಬರೂ ಒಪ್ಪಿದ್ದು ಒಂದೇ ಒಂದು, ಬಸ್ಸಾರು. ಆದ್ದರಿಂದ ಅಲ್ಲಿಂದಲೇ ಆರಂಭಿಸಿದೆ, ಮತ್ತು ಮಂಡ್ಯ, ಮೈಸೂರಿನ ಯಾವ ಮನೆಗಾದರೂ ಅದನ್ನೇ ಮೊದಲು ಸೂಚಿಸುತ್ತೇನೆ.

ನಾಲ್ಕು ಜನರ ಮನೆಗೆ ಒಂದು ಲೋಟ ಹೆಸರುಕಾಳು ಅಥವಾ ಹುರುಳಿಕಾಳನ್ನು ರಾತ್ರಿ ನೆನೆಸಿ, ಮರುದಿನ ಮುಕ್ಕಾಲು ಭಾಗ ಬೇಯಿಸಿ, ಎರಡು ದೊಡ್ಡ ಕಟ್ಟು ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ ಹೆಚ್ಚಿ ಸೇರಿಸಿ, ಸೊಪ್ಪು ಬೆಂದೊಡನೆ ಕಟ್ಟನ್ನು, ಅಂದರೆ ಬೇಯಿಸಿದ ನೀರನ್ನು, ಬಸಿದುಕೊಳ್ಳಿ. ಸೊಪ್ಪಿನ ಸತ್ವದಲ್ಲಿ ಒಂದಷ್ಟು ಬೇಯಿಸಿದ ನೀರಿಗೆ ಇಳಿದಿರುತ್ತದೆ. ಬಸ್ಸಾರಿನಲ್ಲಿ ಆ ನೀರು ಚರಂಡಿಗೆ ಹೋಗದೆ ಸಾರಾಗುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸ್ವಲ್ಪ ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ ಇವನ್ನು ರುಬ್ಬುವಾಗ ಎಲ್ಲರೂ ಒಂದು ಹಿಡಿ ಬೆಂದ ಸೊಪ್ಪು ಕಾಳನ್ನು ಜೊತೆಗೆ ಹಾಕುತ್ತಾರೆ. ನಾನು ವಾರಕ್ಕೊಮ್ಮೆ ಆ ಹಿಡಿಯನ್ನು ಸ್ವಲ್ಪ ದೊಡ್ಡದು ಮಾಡುತ್ತ ಹೋಗಿ, ಮೂರು ಹಿಡಿಗೆ ನಿಲ್ಲಿಸಿದೆ. ಸಾರು ಗಟ್ಟಿಯಾಯಿತು, ರುಚಿಯೂ ಹೆಚ್ಚಿತು, ಪಲ್ಯ ಮುಟ್ಟದ ಮಾವನವರ ಹೊಟ್ಟೆಗೆ ಸೊಪ್ಪು ಸೇರಿತು. ಇದನ್ನು ಗುಟ್ಟಾಗಿಡಬೇಡಿ. ಕೇಳಿದರೆ ಇದ್ದದ್ದನ್ನು ಹೇಳಿ. ಮೋಸವೆಂದು ಒಮ್ಮೆ ಅನ್ನಿಸಿದರೆ ಮುಂದೆ ಯಾವ ಸಾರನ್ನೂ ಅವರು ನಂಬಿ ಉಣ್ಣುವುದಿಲ್ಲ.

ಉಳಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ದೇಹಕ್ಕೆ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿಯುವ ಕಾಫಿ ಟೀ ಅದಕ್ಕೆ ಅಡ್ಡಿಯಾಗುತ್ತವೆ. ಈ ಪಲ್ಯವನ್ನು ಮುದ್ದೆಗಿಂತ ಮೊದಲೇ ಬಡಿಸಿ. ಹಸಿದ ಹೊಟ್ಟೆ ಕೈಗೆ ಮೊದಲು ಸಿಕ್ಕಿದ್ದನ್ನು ಉಣ್ಣುತ್ತದೆ, ಆಮೇಲೆ ಅನ್ನದ ಎರಡನೆಯ ಸರದಿ ತಾನಾಗಿ ಚಿಕ್ಕದಾಗುತ್ತದೆ.

ಖಾರದ ವಿಷಯದಲ್ಲಿ ಮನೆಯವರ ನಾಲಿಗೆ ಒಂದೊಂದು ಬಗೆಯಾಗಿದ್ದರೆ ಉಪ್ಸಾರು ಮಾಡಿ. ಅದರಲ್ಲಿ ಖಾರವನ್ನು ಬೇರೆಯಾಗಿ ರುಬ್ಬಿಡುವುದರಿಂದ, ಮಗುವಿಗೊಂದು ಅಡುಗೆ ಹಿರಿಯರಿಗೊಂದು ಅಡುಗೆ ಎಂಬ ಶ್ರಮ ಇರುವುದಿಲ್ಲ. ಉಪ್ಪನ್ನು ಕಡಿಮೆ ಹಾಕಿ. ದಿನಕ್ಕೆ ದೊಡ್ಡವರೊಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೆ ಮೀರದಷ್ಟು ಸಾಕು, ಮತ್ತು ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಆ ಲೆಕ್ಕದೊಳಗೇ ಬರಬೇಕು. ಚಿಟಿಕೆ ಚಿಟಿಕೆಯಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಮಕ್ಕಳಿಗೆ ರಾಗಿ ಹಿಡಿಸದಿರುವುದಕ್ಕೆ ಹೆಚ್ಚಾಗಿ ಕಾರಣ ರುಚಿಯಲ್ಲ, ಉಣ್ಣುವ ರೀತಿ. ನಗರದಲ್ಲಿ ಬೆಳೆದ ಮಗು ಮುದ್ದೆಯನ್ನು ಚಪಾತಿಯಂತೆ ಅಗಿಯುತ್ತದೆ, ಅದು ಹಲ್ಲಿಗೆ ಅಂಟುತ್ತದೆ, ಅಲ್ಲಿಗೆ ಮುದ್ದೆ ಬೇಡವಾಗುತ್ತದೆ. ಸ್ವಲ್ಪ ಮೆತ್ತಗೆ ತೊಳಸಿದ ಮುದ್ದೆಯನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ಮುರಿದು, ಸಾರಿನಲ್ಲಿ ಚೆನ್ನಾಗಿ ಅದ್ದಿ ನುಂಗುವುದನ್ನು ಪಕ್ಕದಲ್ಲಿ ಕುಳಿತು ತೋರಿಸಬೇಕು. ನಮ್ಮಲ್ಲಿ ಆ ಕೆಲಸವನ್ನು ಮಾವನವರಿಗೇ ಒಪ್ಪಿಸಿದೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ಎಂಬ ರಾಗಿ ತಳಿಗಳನ್ನು ಹೊಲದಲ್ಲಿ ಬೆಳೆದವರು ಅವರು; ತೆನೆಯ ಗಾತ್ರವನ್ನು ಮುಷ್ಟಿ ಹಿಡಿದು ತೋರಿಸುತ್ತ ಮೊಮ್ಮಗನಿಗೆ ತುತ್ತು ಮುರಿದು ಕೊಡುವಾಗ, ತಾವೂ ತಟ್ಟೆಯ ಪಲ್ಯವನ್ನು ಮುಗಿಸಬೇಕಾಗಿ ಬಂತು. ಕಪ್ಪು ಬಣ್ಣ ಕಂಡರೇ ಮುಖ ತಿರುಗಿಸುವ ಮಕ್ಕಳಿಗೆ, ಸಿಕ್ಕರೆ, ಅದೇ ಕೇಂದ್ರದಿಂದ ಬಂದ ಕೆ.ಎಂ.ಆರ್. 340 ಎಂಬ ಬಿಳಿ ರಾಗಿಯ ಹಿಟ್ಟನ್ನು ಬಳಸಿ ನೋಡಬಹುದು. ಇಲ್ಲವಾದರೆ ದೋಸೆ ಹಿಟ್ಟಿಗೆ ಕಾಲು ಭಾಗ ರಾಗಿ ಹಿಟ್ಟು, ಅಥವಾ ಸಬ್ಬಸಿಗೆ ಸೊಪ್ಪು, ತುರಿದ ಕ್ಯಾರೆಟ್ ಹಾಕಿದ ರಾಗಿ ರೊಟ್ಟಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ ಇರುವುದರಿಂದ, ಬೆಳೆಯುವ ಮಕ್ಕಳ ವಿಷಯದಲ್ಲಿ ಈ ಪ್ರಯತ್ನವನ್ನು ಅರ್ಧಕ್ಕೆ ಬಿಡಬಾರದು.

ಒಂದು ಎಚ್ಚರಿಕೆ. ರಾಗಿ ಎಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ಎರಡು ಮೂರು ಮುದ್ದೆ ಉಣ್ಣುವಂತಿಲ್ಲ; ಅದೂ ಪಿಷ್ಟವೇ, ಅಳತೆ ಮುಖ್ಯ. ಕಬ್ಬಿನ ನಾಡಿನವರಾದ ನಮಗೆ ಬೆಲ್ಲದ ಮೇಲೆ ಅಭಿಮಾನವಿರುವುದು ಸಹಜ, ಆದರೆ ರಕ್ತದ ಸಕ್ಕರೆಯ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಸಕ್ಕರೆ ಸುರಿದ ರಾಗಿ ಮಾಲ್ಟನ್ನು ಬಿಟ್ಟು, ಮಜ್ಜಿಗೆ, ಈರುಳ್ಳಿ ಬೆರೆಸಿದ ಅಂಬಲಿಯನ್ನು ಕೊಡಿ.

ಸಂಜೆ ಐದಕ್ಕೆ ಬೇಕರಿಯ ಪಫ್ ತಿಂದ ಮಗು ಎಂಟಕ್ಕೆ ಸೊಪ್ಪು ಉಣ್ಣುವುದಿಲ್ಲ, ಅದರಲ್ಲಿ ಮಗುವಿನ ತಪ್ಪಿಲ್ಲ. ಆ ಹೊತ್ತಿಗೆ ಮನೆಯಲ್ಲೇ ಚುರುಮುರಿ ಕಲಸಿ. ಕ್ಯಾರೆಟ್ ತುರಿ, ಟೊಮೆಟೊ, ಆವಿಯಲ್ಲಿ ಬೇಯಿಸಿದ ಮೊಳಕೆ ಹೆಸರುಕಾಳು ಅದರಲ್ಲಿ ಸಲೀಸಾಗಿ ಸೇರುತ್ತವೆ. ಶನಿವಾರ ದೇವರಾಜ ಮಾರುಕಟ್ಟೆಗೆ ಮಗನನ್ನೂ ಕರೆದೊಯ್ದು, ಯಾವುದಾದರೂ ಒಂದು ತರಕಾರಿಯನ್ನು ನೀನೇ ಆರಿಸು ಎನ್ನುತ್ತೇನೆ. ತಾನು ಆರಿಸಿದ ಗುಂಡು ಬದನೆಕಾಯಿಯನ್ನು ಅವನು ಮೊದಲ ಸಲ ಮೂಸಿ ನೋಡಿ ಬಿಟ್ಟ, ಆರನೆಯ ಸಲ ತಿಂದ. ಹತ್ತು ಹದಿನೈದು ಸಲ ಕಂಡು, ಮುಟ್ಟಿ, ರುಚಿ ನೋಡಿದ ಮೇಲೆಯೇ ಒಪ್ಪುವ ಮಕ್ಕಳಿದ್ದಾರೆ. ಒಂದು ಚಮಚವಷ್ಟೇ ಬಡಿಸಿ, ತಿಂದರೆ ಚಾಕೊಲೇಟು ಎಂಬ ಆಸೆ ತೋರಿಸಬೇಡಿ, ಬಿಟ್ಟರೆ ಗದರಬೇಡಿ. ಮಗುವಿನ ತೂಕ ಇಳಿಯುತ್ತಿದ್ದರೆ ಅಥವಾ ಬೆರಳೆಣಿಕೆಯ ಪದಾರ್ಥ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ಸೊಪ್ಪು ಕಾಳು ಹೆಚ್ಚಿಸುವ ಮುನ್ನವೂ ವೈದ್ಯರನ್ನು ಕೇಳಬೇಕು.

ನವಣೆಯನ್ನು ನಾನು ಕೈಬಿಟ್ಟಿಲ್ಲ. ಅವರೆಕಾಯಿ ಕಾಲದಲ್ಲಿ, ಅಕ್ಕಿಗೆ ನಾಲ್ಕನೆಯ ಒಂದು ಪಾಲು ನವಣೆ ಬೆರೆಸಿ ಹಿದುಕಿದ ಬೇಳೆ ಸಾರಿನ ಜೊತೆ ಬಡಿಸಿದೆ. ಮಾವನವರು ತಟ್ಟೆಯನ್ನು ಒಮ್ಮೆ ನೋಡಿ, ಏನೂ ಹೇಳದೆ ಉಂಡರು. ಈಗ ಮೂರನೆಯ ಒಂದು ಪಾಲಿಗೆ ಬಂದಿದ್ದೇವೆ.