ಐಹೊಳೆಯ 634 ಎಲ್ಲಿಂದ ಬಂತು? ನಾನು ಲೆಕ್ಕ ಹಾಕಿದ ಬಗೆ

ಬಾಗಲಕೋಟೆಯಿಂದ ನಮ್ಮ ಶಾಲೆಯ ಮಕ್ಕಳನ್ನು ಐಹೊಳೆಗೆ ಕರೆದುಕೊಂಡು ಹೋಗುವ ಮೊದಲು ಮೇಗುತಿ ಗುಡಿಯ ಶಾಸನದ ಕಾಲವನ್ನು ನಾನೇ ಲೆಕ್ಕ ಹಾಕಿ ನೋಡೋಣ ಅನ್ನಿಸಿತು. ಪುಸ್ತಕದಲ್ಲಿ ಕ್ರಿ.ಶ. 634 ಅಂತ ಇದೆ. ಅದು ಹೇಗೆ ಬಂತು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ಅಲ್ವಾ?

ಶಾಸನ ರಚಿಸಿದ ಕವಿ ರವಿಕೀರ್ತಿ ಆ ವರ್ಷವನ್ನು ಎರಡು ಥರ ಹೇಳಿದ್ದಾನೆ. ಭಾರತ ಯುದ್ಧದಿಂದ ಮೂವತ್ತು, ಮೂರು ಸಾವಿರ, ಏಳುನೂರು, ಐದು ವರ್ಷ ಕಳೆದಿವೆ ಅಂತ ಒಂದು. ಪದ್ಯ ನೋಡಿ, ಅಂಕಿಗಳನ್ನು ಬಿಡಿಬಿಡಿಯಾಗಿ ಹೆಣೆದಿದ್ದಾನೆ. ಕೂಡಿಸಿದರೆ 3735. ಶಕರಾಜರ ಲೆಕ್ಕದಲ್ಲಿ ಐವತ್ತು, ಆರು, ಐನೂರು ಕಳೆದಿವೆ ಅಂತ ಇನ್ನೊಂದು, ಅಂದರೆ 556.

ಶಕ ವರ್ಷಕ್ಕೂ ಕ್ರಿ.ಶ.ಗೂ 78ರ ಅಂತರ, ಹಾಗಾಗಿ 556ಕ್ಕೆ 78 ಕೂಡಿಸಿದೆ, 634 ಬಂತು. ಭಾರತ ಯುದ್ಧದಿಂದ ಎಣಿಸಿದ ಲೆಕ್ಕ ಅಂದರೆ ಇಲ್ಲಿ ಕಲಿಯುಗದ ಲೆಕ್ಕವೇ. ಕಲಿಯುಗ ಶುರುವಾಗಿದ್ದು ಕ್ರಿ.ಪೂ. 3102 ಅಂತ 3735ರಲ್ಲಿ ಅದನ್ನು ಕಳೆದರೆ 633! ತುಂಬಾ ಹೊತ್ತು ತಲೆ ಕೆಡಿಸಿಕೊಂಡೆ. ಕ್ರಿ.ಪೂ. 1 ಮುಗಿದರೆ ನೇರ ಕ್ರಿ.ಶ. 1, ನಡುವೆ ಸೊನ್ನೆ ವರ್ಷ ಇಲ್ಲ. ಹಾಗಾಗಿ ಕಳೆಯಬೇಕಾದ್ದು 3101. ಎರಡೂ ಲೆಕ್ಕ ಒಂದೇ ಆದಾಗ ಆದ ಖುಷಿ ಹೇಳತೀರದು.

ಸಂವತ್ಸರದ ಹೆಸರನ್ನೂ ಹುಡುಕಿದೆ. ಕಳೆದು ಮುಗಿದ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವುದು 28, ಪ್ರಭವದಿಂದ ಎಣಿಸಿದರೆ ಜಯ. ಆದರೆ ಮಕ್ಕಳ ಹಾಳೆಯಲ್ಲಿ ಅದನ್ನು ಬರೆಯಲಿಲ್ಲ. ಶಾಸನದಲ್ಲಿ ಆ ಹೆಸರಿಲ್ಲ. ಗುರುಗ್ರಹದ ನಡೆಯ ಮೇಲೆ ಎಣಿಸುವ ಪದ್ಧತಿಯಲ್ಲಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಹೆಸರು ಬಿಟ್ಟುಹೋಗುತ್ತದೆ. ಒಂದೂ ಬಿಡದೆ ಎಣಿಸುವ ನಮ್ಮ ಈಗಿನ ರೂಢಿ ಹತ್ತನೇ ಶತಮಾನದ ಆಸುಪಾಸಿನದು, ಅದಕ್ಕೂ ಹಿಂದಕ್ಕೆ ಸುಮ್ನೆ ಎಳೆಯಬಾರದು.

ಆದರೆ ಆಮೇಲಿನ ಶಾಸನಗಳಲ್ಲಿ ಈ ಹೆಸರೇ ಕೈಹಿಡಿಯುತ್ತದೆ. ಬೆಳಗಾವಿಯಲ್ಲಿ ಸಿಕ್ಕ ರಟ್ಟ ಮನೆತನದ ಅರಸ ನಾಲ್ಕನೇ ಕಾರ್ತವೀರ್ಯನ ಶಾಸನದಲ್ಲಿ ಶಕ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ಶನಿವಾರ ಅಂತ ಇದೆ. ನಾನು 78 ಕೂಡಿಸಿ 1205 ಅಂತ ಬರೆದುಬಿಟ್ಟಿದ್ದೆ. ರಕ್ತಾಕ್ಷಿ 58ನೆಯದು, ನನ್ನ ಲೆಕ್ಕಕ್ಕೆ ಬಂದದ್ದು 59, ಕ್ರೋಧನ. ಆಗ ಹೊಳೆಯಿತು: ಐಹೊಳೆಯಲ್ಲಿ ಹೇಳಿದ್ದು ಕಳೆದು ಮುಗಿದ ವರ್ಷ, ಇಲ್ಲಿ ಹೇಳಿದ್ದು ನಡೆಯುತ್ತಿರುವ ವರ್ಷ. ಕಳೆದದ್ದು 1126, ಹಾಗಾಗಿ 1204. ಡಿಸೆಂಬರ್ 25ಕ್ಕೆ ವಾರ ತೆಗೆದು ನೋಡಿದೆ. ಶನಿವಾರವೇ ಬಂತು.